ಪೋಷಕ ನಟಿಯೊಬ್ಬರ ಪಾತ್ರಗಳ ಪಟ್ಟಿ ಮಾಡುವುದು ಹೇಗೆ

ನಾಯಕಿಯರ ಸಿನಿಮಾ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಅತ್ತೆ, ಅಜ್ಜಿ, ಸೂಲಗಿತ್ತಿ, ಪಕ್ಕದ ಮನೆಯವಳು ಅಂತ ಜೀವನವಿಡೀ ದುಡಿದವರ ಪಟ್ಟಿಯನ್ನು ನಾವೇ ಕೂತು ಮಾಡಬೇಕು. ನಿಮಗೆ ಅಂಥ ಹಿರಿಯ ಕಲಾವಿದೆ ಪರಿಚಯವಿದ್ದರೆ ತಡ ಮಾಡಬೇಡಿ.

ಶುರು ಮಾಡುವುದು ನಾಟಕದಿಂದ, ಸಿನಿಮಾದಿಂದಲ್ಲ. ಬಿ. ಜಯಶ್ರೀ ಅವರನ್ನೇ ನೋಡಿ. ಗುಬ್ಬಿ ವೀರಣ್ಣನವರ ಮೊಮ್ಮಗಳು, ‘ಸ್ಪಂದನ’ ನಾಟಕ ತಂಡ ಕಟ್ಟಿದವರು. ‘ನಾಗಮಂಡಲ’ (1997) ಚಿತ್ರದ ಕುರುಡವ್ವನನ್ನು ಮಾತ್ರ ನೋಡಿದವರಿಗೆ ಅವರ ಕೆಲಸದ ಅರ್ಧವೂ ಗೊತ್ತಾಗುವುದಿಲ್ಲ.

“ಯಾವ ಇಸವಿ ಅಮ್ಮಾ?” ಅಂತ ಕೇಳಲೇಬೇಡಿ. ನಾಟಕ ಕಂಪನಿಯಲ್ಲಿದ್ದವರಿಗೆ ಕಾಲ ನೆನಪಿರುವುದು ಕ್ಯಾಂಪಿನ, ಅಂದರೆ ಊರೂರಲ್ಲಿ ಬೀಡುಬಿಟ್ಟು ನಾಟಕ ಆಡಿದ ಲೆಕ್ಕದಲ್ಲಿ. ಆಗ ಯಾವ ಊರಲ್ಲಿ ಕ್ಯಾಂಪು, ಯಾವ ಜಾತ್ರೆ, ಮಗು ಹುಟ್ಟಿತ್ತಾ ಅಂತ ಕೇಳಿ. ಅದಕ್ಕಿಂತ ಒಳ್ಳೆಯದು ಪಾತ್ರದ ವೇಷದ ಬಗ್ಗೆ ಕೇಳುವುದು. ಒಬ್ಬರನ್ನು ದ್ರೌಪದಿ ಪಾತ್ರದ ಬಗ್ಗೆ ಕೇಳಿದಾಗ “ಎಷ್ಟೋ ಮಾಡಿದ್ದೀನಿ, ಎಲ್ಲಿ ನೆನಪಿರುತ್ತೆ ಬಿಡಪ್ಪ” ಅಂದರು. ಮುಡಿ ಹೇಗೆ ಬಿಚ್ಚುತ್ತಿದ್ದಿರಿ ಅಂದೆ. ಕೈ ತಾನಾಗಿ ತಲೆಯ ಹಿಂದೆ ಹೋಯಿತು. ಚೌರಿ ಎಲ್ಲಿ ಸಿಕ್ಕಿಸಬೇಕು, ಯಾವ ಮಾತಿಗೆ ಪಿನ್ನು ಎಳೆದರೆ ಕೂದಲು ಒಂದೇ ಸಲಕ್ಕೆ ಬೆನ್ನ ಮೇಲೆ ಬೀಳುತ್ತದೆ ಅಂತ ತೋರಿಸಿದರು. ಹಿಂದೆಯೇ ಕಂದಪದ್ಯ ಬಂತು, ದುಶ್ಶಾಸನ ಮಾಡಿದವರ ಹೆಸರು ಬಂತು, ಊರೂ ಬಂತು. ರೆಕಾರ್ಡರ್ ಮೊದಲೇ ಆನ್ ಇರಲಿ.

ಹಳೇ ಮೈಸೂರು ಕಡೆ ಹಳ್ಳಿಯ ಗಂಡಸರು ಆಡುವ ‘ಕುರುಕ್ಷೇತ್ರ’ಕ್ಕೆ ಹೆಣ್ಣು ಪಾತ್ರ ಮಾಡಲು ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಒಂದೇ ರಾತ್ರಿಯ ನಾಟಕ. ಉಳಿಯುವುದು ಹ್ಯಾಂಡ್‌ಬಿಲ್ ಅಷ್ಟೇ. ಅವರ ಟ್ರಂಕಿನಲ್ಲಿ, ಹಾರ್ಮೋನಿಯಂ ಮೇಷ್ಟ್ರ ಮನೆಯಲ್ಲಿ ಹುಡುಕಿ. ಅದರಲ್ಲಿ ಇಸವಿ ಇಲ್ಲದಿದ್ದರೂ ತಾರೀಖು, ವಾರ ಇದ್ದರೆ ಸಾಕು. ಎರಡನ್ನೂ ಹಳೆಯ ಕ್ಯಾಲೆಂಡರಿಗೆ ಹೊಂದಿಸಿ ನೋಡಿದರೆ ಹತ್ತು ವರ್ಷದಲ್ಲಿ ಒಂದೋ ಎರಡೋ ಇಸವಿ ಮಾತ್ರ ಉಳಿಯುತ್ತವೆ.

ಸಿನಿಮಾ ಕೆಲಸ ಸುಲಭ ಅನ್ನಿಸುತ್ತದೆ, ಆದರೆ ಟೈಟಲ್ ಕಾರ್ಡನ್ನು ನೆಚ್ಚಿಕೊಂಡರೆ ಸಣ್ಣ ಪಾತ್ರಗಳೆಲ್ಲ ತಪ್ಪಿಹೋಗುತ್ತವೆ. ಇನಿಷಿಯಲ್ ಬೇರೆ ಇರಬಹುದು, ಹೆಸರೇ ಇಲ್ಲದಿರಬಹುದು. ಅವರ ಪಕ್ಕದಲ್ಲೇ ಕೂತು ಪೂರ್ತಿ ಸಿನಿಮಾ ನೋಡಿ. ಶುರುವಿನಲ್ಲಿ ಬರುವ ಸೆನ್ಸಾರ್ ಸರ್ಟಿಫಿಕೇಟಿನ ತಾರೀಖು ಬರೆದುಕೊಳ್ಳಿ, ಬಿಡುಗಡೆಯ ತಾರೀಖನ್ನು ಬೇರೆ ಬರೆಯಿರಿ. ಡಿಸೆಂಬರಿನಲ್ಲಿ ಸೆನ್ಸಾರ್ ಆಗಿ ಮುಂದಿನ ವರ್ಷ ತೆರೆಗೆ ಬಂದ ಸಿನಿಮಾಗಳೂ ಇರುತ್ತವೆ, ಅಲ್ವಾ? ಬೇರೆ ನಟಿಯರಿಗೆ ಕಂಠದಾನ ಮಾಡಿದ್ದರೆ ಅದಕ್ಕೂ ಒಂದು ಕಾಲಂ ಇಡಿ.

ಇನ್ನೊಂದು ಕಾಲಂ ನನಗೆ ಬಹಳ ಮುಖ್ಯ: ಕಥೆಯಲ್ಲಿ ನಾಯಕನಿಗೆ ಇವರು ಏನಾಗಬೇಕು? ಪಂಢರಿಬಾಯಿ ‘ಬೇಡರ ಕಣ್ಣಪ್ಪ’ದಲ್ಲಿ (1954) ರಾಜ್‌ಕುಮಾರ್ ಅವರ ನಾಯಕಿ. ‘ಅನುರಾಗ ಅರಳಿತು’ (1986) ಹೊತ್ತಿಗೆ ಅದೇ ರಾಜ್‌ಕುಮಾರ್ ಅವರಿಗೆ ತಾಯಿ. ನಾಯಕ ಇನ್ನೂ ನಾಯಕನೇ. ಚಿತ್ರರಂಗ ನಟಿಯರ ವಯಸ್ಸನ್ನು ಹೇಗೆ ಲೆಕ್ಕ ಹಾಕಿತು ಅನ್ನುವುದು ಈ ಒಂದು ಕಾಲಂ ಓದಿದರೆ ತಿಳಿಯುತ್ತದೆ.

ಫೋಟೊಗಳನ್ನು ಮನೆಗೆ ಒಯ್ಯಬೇಡಿ. ಕಿಟಕಿಯ ಬೆಳಕಿನಲ್ಲಿಟ್ಟು ಅಲ್ಲೇ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಹಿಂಬದಿಯನ್ನೂ ತೆಗೆಯಿರಿ, ಸ್ಟುಡಿಯೋದ ಸೀಲು, ಊರಿನ ಹೆಸರು ಜಾಸ್ತಿ ಸಿಗುವುದು ಅಲ್ಲೇ.