ಮಣ್ಣು ರಸ್ತೆಯ ಹಳೇ ಬೈಕಿಗೆ ಸ್ಪೀಡೋಮೀಟರ್: ಮೊದಲು ಚಕ್ರ ಅಳೆಯಿರಿ

ಶಿರಸಿ, ಸಿದ್ದಾಪುರದ ಕಡೆ ಹಳೇ ಯೆಜ್ಡಿ, ರಾಜದೂತ್ ಇಟ್ಟುಕೊಂಡವರಲ್ಲಿ ಕೆಲವರು ಗುಡ್ಡ ಹತ್ತಲೆಂದೇ ಅವನ್ನು ಬದಲಿಸಿಕೊಂಡಿದ್ದಾರೆ. ಮುಂದೆ ದೊಡ್ಡ ರಿಮ್, ಬಟನ್ ಟೈರ್. ಭಾರ ಇಳಿಸುವಾಗ ಮೊದಲು ಹೋಗುವುದು ಮೀಟರ್. ಅದೇ ಬೈಕನ್ನು ಮತ್ತೆ ಡಾಂಬರು ರಸ್ತೆಗೆ ತರುವುದಾದರೆ ಮೀಟರ್ ಇರಲೇಬೇಕು. ಕೇಂದ್ರ ಮೋಟಾರು ವಾಹನ ನಿಯಮಾವಳಿ 1989ರ 117ನೇ ನಿಯಮ ಹೇಳುವುದು ಅದನ್ನೇ. ಆದರೆ ಅಂಗಡಿಗೆ ಹೋಗಿ ಸಿಕ್ಕಿದ ಮೀಟರ್ ತರಬೇಡಿ. ಅದನ್ನು ಕೊನೆಗೆ ಕೊಳ್ಳಿ.

ಯಾಕೆಂದರೆ ಮೀಟರಿಗೆ ವೇಗ ಗೊತ್ತಿಲ್ಲ, ಚಕ್ರದ ಜೊತೆ ತಿರುಗುವ ಕೇಬಲ್ ಎಷ್ಟು ಬೇಗ ಸುತ್ತುತ್ತಿದೆ ಎಂಬುದಷ್ಟೇ ಗೊತ್ತು. ಜರ್ಮನಿಯ ಓಟೋ ಶುಲ್ಟ್ಸ 1902ರಲ್ಲಿ ಪೇಟೆಂಟ್ ಪಡೆದ ಉಪಾಯವೇ ಇಂದಿಗೂ ಕೇಬಲಿನ ಮುಳ್ಳಿನ ಮೀಟರಿನಲ್ಲಿದೆ. ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಪಕ್ಕದಲ್ಲಿ, ಅದಕ್ಕೆ ತಾಗದಂತೆ, ಮುಳ್ಳು ಕೂರಿಸಿದ ಅಲ್ಯೂಮಿನಿಯಂ ಬಟ್ಟಲು. ಅಯಸ್ಕಾಂತ ತಿರುಗಿದಂತೆ ಬಟ್ಟಲಿನಲ್ಲಿ ಸುಳಿವಿದ್ಯುತ್ ಹುಟ್ಟಿ ಅದನ್ನೂ ಎಳೆಯುತ್ತದೆ, ತೆಳು ಸ್ಪ್ರಿಂಗ್ ತಡೆದು ಹಿಡಿಯುತ್ತದೆ. ಆ ಎಳೆದಾಟದಲ್ಲಿ ಮುಳ್ಳು ಎಲ್ಲಿ ನಿಂತಿತೋ ಅದೇ ವೇಗ.

ಈಗ ಅಳತೆ. ಟೈರಿಗೆ ಸರಿಯಾಗಿ ಗಾಳಿ ಹಾಕಿ, ಟೈರಿನ ಕೆಳತುದಿಯಲ್ಲೂ ಅಂಗಳದ ನೆಲದಲ್ಲೂ ಸುಣ್ಣದ ಗುರುತು ಮಾಡಿ. ಒಬ್ಬರು ಮೇಲೆ ಕೂತಿರಲಿ, ಇನ್ನೊಬ್ಬರು ಚಕ್ರ ಒಂದು ಸುತ್ತು ಬರುವಷ್ಟು ತಳ್ಳಲಿ. ಎರಡು ಗುರುತಿನ ನಡುವಿನ ದೂರ ಟೇಪಿನಲ್ಲಿ ಅಳೆಯಿರಿ. 3.00-18 (ಮೂರು ಇಂಚು ಅಗಲ, 18 ಇಂಚಿನ ರಿಮ್) ಟೈರಿಗೆ ಸುಮಾರು 1.91 ಮೀಟರ್, 3.00-21ಕ್ಕೆ ಸುಮಾರು 2.15 ಮೀಟರ್ ಬರುತ್ತದೆ. 18ರ ಚಕ್ರದ ಹಬ್‌ನಲ್ಲಿದ್ದ ಮೀಟರ್ ವರ್ಮನ್ನು (ಕೇಬಲನ್ನು ತಿರುಗಿಸುವ ತಿರುಪಿನಂಥ ಗೇರು) ಹಾಗೇ 21ಕ್ಕೆ ಕೂರಿಸಿದರೆ ಮುಳ್ಳು 40 ತೋರಿಸುವಾಗ ನೀವು 45ರಲ್ಲಿರುತ್ತೀರಿ. ಇದು ಸಣ್ಣ ತಪ್ಪಲ್ಲ.

ಕೆಲವು ಬೈಕುಗಳಲ್ಲಿ ಕೇಬಲ್ ಮುಂದಿನ ಹಬ್‌ನಿಂದಲ್ಲ, ಗೇರ್‌ಬಾಕ್ಸ್ ಕಡೆಯಿಂದ ಬರುತ್ತದೆ. ಅಂಥದ್ದರಲ್ಲಿ ಮುಂದಿನ ಚಕ್ರ ಬದಲಿಸಿದರೆ ಏನೂ ಆಗದು. ಏರು ಹತ್ತಲೆಂದು ಹಿಂದೆ ದೊಡ್ಡ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಹಾಕಿದ್ದರೆ ಮಾತ್ರ ಮೀಟರ್ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಆಗ ಅಳೆಯಬೇಕಾದದ್ದು ಹಿಂದಿನ ಚಕ್ರ.

ಮುಂದಿನದು ಎಣಿಕೆ. ಕೇಬಲನ್ನು ಕೆಳಗಡೆ ಜೋಡಿಸಿ, ಮೇಲಿನ ತುದಿ ಬಿಡಿ ಇರಲಿ. ಒಳತಂತಿಯ ತುದಿಗೆ ಕಾಗದದ ಪುಟ್ಟ ಬಾವುಟ ಅಂಟಿಸಿ. ಬೈಕನ್ನು ನ್ಯೂಟ್ರಲ್‌ನಲ್ಲಿಟ್ಟು, ಚಕ್ರ ಹತ್ತು ಸುತ್ತು ಉರುಳುವಷ್ಟು ದೂರ ತಳ್ಳಿಕೊಂಡು ಹೋಗಿ, ಬಾವುಟ ಎಷ್ಟು ಸುತ್ತಿತು ಎಣಿಸಿ. ಚಕ್ರದ ಅಳತೆ 2.15 ಮೀಟರ್ ಇದ್ದರೆ ಕಿಲೋಮೀಟರಿಗೆ 465 ಸುತ್ತು. ಬಾವುಟ 30 ಸಲ ತಿರುಗಿತು ಎಂದರೆ ಕೇಬಲ್ ಕಿ.ಮೀ.ಗೆ ಸುಮಾರು 1400 ಸುತ್ತು ಸುತ್ತುತ್ತದೆ. ಜಪಾನಿ ಮಾದರಿಯ ಮೀಟರ್ ಸಾಮಾನ್ಯವಾಗಿ ಕೇಳುವುದು ಇಷ್ಟನ್ನೇ. 21-22 ಸಲ ತಿರುಗಿದರೆ ಲೆಕ್ಕ ಸಾವಿರದ ಆಸುಪಾಸು. ಹಳೇ ಬ್ರಿಟಿಷ್ ಡಯಲ್ ಮೇಲೆ ಸಣ್ಣಕ್ಷರದಲ್ಲಿ 1600 ಎಂದಿದ್ದರೆ ಅದು ಮೈಲಿಯ ಲೆಕ್ಕ, ಅಂದರೆ ಕಿ.ಮೀ.ಗೆ 994. ನಿಮ್ಮ ಕೇಬಲ್ ಕಿ.ಮೀ.ಗೆ ಸುತ್ತುವ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಮೀಟರ್ ಹುಡುಕಲು ಹೊರಡಿ. ಒಳತಂತಿಯ ಚೌಕ ತುದಿ ಮೀಟರಿನ ತೂತಿಗೆ ಕೂರುತ್ತದೋ ಎಂದು ಅಂಗಡಿಯಲ್ಲೇ ನೋಡಿ.

ಕೂರಿಸಲು ಹ್ಯಾಂಡಲ್‌ಗೆ ಬಿಗಿಯುವ ಕ್ಲಾಂಪ್ ಸಾಕು. ನಡುವೆ ರಬ್ಬರ್ ಬುಷ್ ಇರಲಿ, ಇಲ್ಲದಿದ್ದರೆ ಇಂಜಿನ್ ಅದುರಿಗೆ ಸ್ಪ್ರಿಂಗ್ ಉಳಿಯದು. ಹಳೇ ಫೋರ್ಕಿಗೆ ತೂತು ಕೊರೆಯುವುದು, ವೆಲ್ಡಿಂಗ್ ಮಾಡಿಸುವುದು ಖಂಡಿತ ಬೇಡ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಮಾಡಿಸಬೇಕೆಂದರೆ ಮೂಲರೂಪ ಉಳಿದಿರಬೇಕು. ಅಂಥ ಗಾಡಿ ಕೈಗೆ ಬಂದಿದ್ದೇ ಭಾಗ್ಯ, ಅದನ್ನು ಕಾಪಾಡಿ.

ಕೇಬಲ್ ಎಳೆಯುವಾಗ ಅವಸರ ಬೇಡ. ಎಲ್ಲೂ ಚೂಪಾದ ತಿರುವು ಬರಬಾರದು. ಬಳಸಿ ತಿರುಗುವಲ್ಲಿ ಒಂದು ಗೇಣಿನಷ್ಟಾದರೂ ಅಗಲ ಕೊಡಿ. ಮುಂದಿನ ಚಕ್ರ ಎತ್ತಿ ಫೋರ್ಕ್ ಪೂರ್ತಿ ಇಳಿಬೀಳಲಿ, ಹ್ಯಾಂಡಲ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ ನೋಡಿ. ಕೇಬಲ್ ಬಿಗಿಯಲೂಬಾರದು, ಫೋರ್ಕ್ ಒತ್ತಿದಾಗ ಟೈರಿಗೆ ತಾಗಲೂಬಾರದು. ಗ್ರೀಸನ್ನು ಒಳತಂತಿಯ ಕೆಳಗಿನ ಮುಕ್ಕಾಲು ಭಾಗಕ್ಕೆ ಮಾತ್ರ ತೆಳುವಾಗಿ ಸವರಿ. ಮೇಲೆ ಒಂದು ಗೇಣು ಒಣಗಿರಲಿ. ಇಲ್ಲದಿದ್ದರೆ ತಿರುಗುವ ತಂತಿ ಗ್ರೀಸನ್ನು ಮೇಲಕ್ಕೆಳೆದು ಮೀಟರೊಳಗೆ ತುಂಬುತ್ತದೆ, ಬಟ್ಟಲು ಅಯಸ್ಕಾಂತಕ್ಕೆ ಅಂಟಿ ಮುಳ್ಳು ಒಮ್ಮೆಲೇ ಕೊನೆಗೆ ಹೋಗಿ ನಿಲ್ಲುತ್ತದೆ.

ಹಬ್‌ನಲ್ಲಿ ವರ್ಮ್‌ಗೆ ಜಾಗವೇ ಇಲ್ಲದಿದ್ದರೆ ಸೈಕಲ್ಲಿಗೆ ಹಾಕುವ, ಬಟನ್ ಸೆಲ್ಲಿನ ಡಿಜಿಟಲ್ ಮೀಟರ್ ಆಗುತ್ತದೆ. 12 ವೋಲ್ಟಿನ ಮೀಟರನ್ನು 6 ವೋಲ್ಟಿನ ಹಳೇ ವೈರಿಂಗಿಗೆ ಕೊಡಬೇಡಿ. ಅಯಸ್ಕಾಂತವನ್ನು ಸ್ಪೋಕಿನಲ್ಲಿ ಹಬ್ಬಿಗೆ ಹತ್ತಿರವೇ ಕಟ್ಟಿ, ಚಕ್ರದ ಅಳತೆಯನ್ನು ಮಿಲಿಮೀಟರಿನಲ್ಲಿ ಕೊಡಿ.

ಪರೀಕ್ಷೆಗೆ ದೇವಿಮನೆ ಘಟ್ಟ ಬೇಡ. ಅಲ್ಲಿ ತಿರುವಿನಲ್ಲಿ ಒಂದೇ ವೇಗ ಹಿಡಿಯಲಾಗದು, ದಟ್ಟ ಮರಗಳಡಿ ಮೊಬೈಲಿನ ಜಿಪಿಎಸ್ ಕೂಡ ತಡವರಿಸುತ್ತದೆ. ಕಾರವಾರ–ಅಂಕೋಲಾ ನಡುವೆ 66ನೇ ಹೆದ್ದಾರಿಯಲ್ಲಿ ಬೆಳಿಗ್ಗೆ ಬೇಗ ಹೋಗಿ, ಮುಳ್ಳು 40ರಲ್ಲಿ ನಿಲ್ಲಿಸಿ. ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ 90 ಸೆಕೆಂಡ್ ಆಗಬೇಕು; ಸಮಯ ನೋಡುವ ಕೆಲಸ ಹಿಂದೆ ಕೂತವರಿಗೆ ಬಿಡಿ. 80 ಸೆಕೆಂಡಿಗೇ ಮುಟ್ಟಿದರೆ ಎಣಿಕೆಗೆ ಮರಳಿ. ಮುಳ್ಳು ನಡುಗುತ್ತಿದ್ದರೆ ಕೇಬಲ್ ಎಲ್ಲೋ ಮಡಚಿದೆ ಅಥವಾ ಒಣಗಿದೆ.

ಕರಾವಳಿಯ ಉಪ್ಪುಗಾಳಿಗೆ ಒಳತಂತಿ ಬೇಗ ತುಕ್ಕು ಹಿಡಿಯುತ್ತದೆ. ಮಳೆಗಾಲ ಮುಗಿದ ಕೂಡಲೇ ಹೊರಗೆಳೆದು, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಒಣಗಿಸಿ, ಹೊಸ ಗ್ರೀಸ್ ಹಚ್ಚಿ ಹಾಕಿ. ಒಂದೆಳೆ ಕಿತ್ತಿದ್ದು ಕಂಡರೂ ಆ ತಂತಿ ಬದಲಿಸಿ.