ಎಲುಬು ಕರಗಿಸಿ ಮೀನು ಹಿಡಿದೆ

ಪುಣೆಯಲ್ಲಿ ಕೂತು ದವಡೆ ಇಲ್ಲದ, ಮೈಗೆ ಎಲುಬಿನ ಕವಚ ಹೊತ್ತ ಹಳೇ ಮೀನುಗಳ ಮೇಲೆ ಕೆಲಸ ಮಾಡ್ತೀನಿ ಅಂದರೆ ನಮ್ಮವರೇ ನಗುತ್ತಾರೆ. ಇಲ್ಲಿ ಕಾಲಿಟ್ಟಲ್ಲೆಲ್ಲ ಬಸಾಲ್ಟ್, ಆರೂವರೆ ಕೋಟಿ ವರ್ಷದ ಲಾವಾ. ನನ್ನ ಮೀನಿಗೆ ಸುಮಾರು 40 ಕೋಟಿ ವರ್ಷ. ಕಲ್ಲು ಸ್ಪಿಟ್ಸ್‌ಬರ್ಗನ್‌ನದು, ಅಂದರೆ ಉತ್ತರ ಧ್ರುವದ ಕಡೆಯ ನಾರ್ವೆ ದ್ವೀಪದ್ದು, ವುಡ್ ಬೇ ಕಡೆಯ ಕೆಂಪು ಮರಳುಗಲ್ಲು. ಯುರೋಪಿನ ಒಂದು ಮ್ಯೂಸಿಯಂನಿಂದ ಎರವಲು ತಂದದ್ದು. ಒಳ್ಳೆ ಮಾದರಿಯನ್ನು ಆಸಿಡ್ ಕೆಲಸಕ್ಕೆ ಯಾರೂ ಕೊಡುವುದಿಲ್ಲ. ನನಗೆ ಸಿಕ್ಕಿದ್ದು ಡ್ರಾಯರಿನ ತಳದ ಹಾಳು ತುಂಡುಗಳು. ಬ್ರಷ್ ತಾಗಿದರೆ ಎಲುಬು ಪುಡಿ. ಅದರಲ್ಲೇ ಹೊಸ ಪ್ರಭೇದ ಸಿಕ್ಕಿತು.

ಮಾಡಿದ್ದು ಇಷ್ಟು: ಎಲುಬನ್ನು ಪೂರ್ತಿ ಕರಗಿಸಿ ತೆಗೆದೆ, ಕಲ್ಲಿನಲ್ಲಿ ಉಳಿದ ಅಚ್ಚಿಗೆ ರಬ್ಬರ್ ಸುರಿದೆ. ಉಪಾಯ ಹಳೆಯದೇ. ಆದರೆ ಇಷ್ಟು ಸಣ್ಣ ಗೆರೆಗಳಿರುವ ಕವಚಕ್ಕೆ ಇದು ನಡೆಯುವುದಿಲ್ಲ ಅಂತ ಹಿರಿಯರೊಬ್ಬರು ಸಭೆಯಲ್ಲೇ ಹೇಳಿದ್ದರು. ನಮ್ಮ ಲ್ಯಾಬಿನ ಸಹಾಯಕ ಇಂಡಿ ತಾಲೂಕಿನವನು. ಅವನದೂ ಅದೇ ಮಾತು: "ಇದ್ದದ್ದ ಎಲುಬೂ ಕರಗಿಸಿಬಿಟ್ರ ಕೈಯಾಗ ಏನ್ ಉಳೀತದರಿ, ಸರ?"

ಎಲ್ಲರೂ ಹೇಳಿದ್ದು ಸಿಟಿ ಸ್ಕ್ಯಾನ್ ಮಾಡಿಸು ಅಂತ. ಮಾಡಿಸಿದೆ. ಮೊದಲು ಒಂದು ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ, ನಾಲ್ಕೈದು ಸಾವಿರ ಹೋಯಿತು, ಬೂದು ಮುದ್ದೆ ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಚಾಕಣ ಕಡೆ ಎರಕದ ಬಿಡಿಭಾಗ ಪರೀಕ್ಷಿಸುವ ಮೈಕ್ರೋ ಸಿಟಿ. ಗಂಟೆಗೆ ಎಂಟು ಸಾವಿರದ ಲೆಕ್ಕ, ಒಟ್ಟು ಮೂವತ್ತರ ಹತ್ತಿರ ಆಯಿತು. ಕಲ್ಲಿನ ತುಂಬ ಕಬ್ಬಿಣದ ಆಕ್ಸೈಡ್, ಎಲುಬೂ ಕೊಳೆತದ್ದು. ಎರಡೂ ಒಂದೇ ಬಣ್ಣದಲ್ಲಿ ಬಂದವು. ಕವಚದ ಮೇಲಿನ ಡೆಂಟೀನ್ (ಹಲ್ಲಿನಲ್ಲಿರುವ ಗಟ್ಟಿ ವಸ್ತು) ಗೆರೆಗಳು ಮಿಲಿಮೀಟರಿಗೆ ಐದಾರು ಇರುತ್ತವೆ. ಅವೇ ಕಾಣದಿದ್ದರೆ ಆ ಸ್ಕ್ಯಾನ್ ಇಟ್ಟುಕೊಂಡು ಏನು ಮಾಡಲಿ?

ಎಲುಬು ನಾಶ ಮಾಡ್ತಿದೀಯಾ ಅಂತ ಬೈದವರಿಗೆ ನಾನು ಸ್ವೀಡನ್ನಿನ ಪಳೆಯುಳಿಕೆ ವಿಜ್ಞಾನಿ ಸ್ಟೆನ್ಸಿಯೊ ಹೆಸರು ಹೇಳುತ್ತಿದ್ದೆ. 1927ರಲ್ಲಿ ಸ್ಪಿಟ್ಸ್‌ಬರ್ಗನ್‌ನ ಸೆಫಲಾಸ್ಪಿಸ್ ಅನ್ನುವ ಇನ್ನೊಂದು ದವಡೆಯಿಲ್ಲದ ಮೀನಿನ ಬಳಗದ ಬಗ್ಗೆ ಅವರು ಬರೆದದ್ದು ತಲೆಗಳನ್ನು ಪದರ ಪದರವಾಗಿ ಅರೆದು, ಪ್ರತಿ ಪದರದ ಚಿತ್ರ ತೆಗೆದು, ಮೇಣದಲ್ಲಿ ಮಾದರಿ ಕಟ್ಟಿ. ಅರೆದ ತಲೆ ವಾಪಸ್ ಬರಲಿಲ್ಲ, ನರ ಮತ್ತು ರಕ್ತನಾಳಗಳ ದಾರಿ ಮಾತ್ರ ಸಿಕ್ಕಿತು. ನಾನು ಅಷ್ಟೂ ಮಾಡಲಿಲ್ಲ. ಒಂದು ತುಂಡು ಎಲುಬನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ತೆಳು ಸೀಳಿಗೆ ಅಂತ ಮೊದಲೇ ತೆಗೆದಿಟ್ಟಿದ್ದೆ. ಅದರಲ್ಲಿ ಜೀವಕೋಶದ ಗುಳಿಗಳೇ ಇಲ್ಲ, ಆಸ್ಪಿಡಿನ್ ಅನ್ನುವ ಅಪ್ಪಟ ಕೋಶವಿಲ್ಲದ ಎಲುಬು. ಇದು ಹೆಟೆರೋಸ್ಟ್ರಾಕನ್, ಅಂದರೆ ದವಡೆಯಿಲ್ಲದ ಕವಚ ಮೀನುಗಳ ಒಂದು ಗುಂಪಿನದು, ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ಆಸಿಡ್ ಹತ್ತು ಪರ್ಸೆಂಟಿನ ಆಸುಪಾಸು, ಹೈಡ್ರೋಕ್ಲೋರಿಕ್. ಮೊದಲು ಕಲ್ಲಿನ ಮೂಲೆಗೆ ಒಂದು ಹನಿ ಬಿಟ್ಟು ನೋಡಬೇಕು. ನೊರೆ ಬಂದರೆ ಸುಣ್ಣದ ಅಂಶ ಇದೆ ಅಂತ ಲೆಕ್ಕ. ಅಂಥದ್ದನ್ನು ಮುಟ್ಟಬೇಡಿ, ಎಲುಬಿನ ಜೊತೆ ಅಚ್ಚೂ ಕರಗಿ ಹೋಗುತ್ತದೆ. ನೊರೆ ಬಾರದ ಕಲ್ಲಿನಲ್ಲೂ ತೊಂದರೆ ತಪ್ಪಲಿಲ್ಲ. ಆಸಿಡ್ ಕಬ್ಬಿಣವನ್ನೂ ಸ್ವಲ್ಪ ಎಳೆಯುತ್ತದೆ, ನೀರು ಹಳದಿಯಾಗುತ್ತದೆ, ಮರಳಿನ ಕಣ ಸಡಿಲವಾಗುತ್ತದೆ. ಅದಕ್ಕೇ ನಡುನಡುವೆ ತೊಳೆದು, ಒಣಗಿಸಿ, ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಅನ್ನುವ ಅಂಟು ರಾಳ ಕುಡಿಸುತ್ತಿದ್ದೆ. ಎಷ್ಟು ತೆಳು, ಯಾವ ಹಂತದಲ್ಲಿ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ದಪ್ಪವಾದರೆ ಗೆರೆ ಮುಚ್ಚುತ್ತದೆ ಅಂತ ಮಾತ್ರ ಹೇಳುತ್ತೇನೆ.

ರಬ್ಬರಿನ ಕತೆ ಉದ್ದ ಇದೆ. ಶುರುವಿನಲ್ಲಿ ಪೇಣ್‌ಗೆ ಹೋಗಿ ಗಣಪತಿ ಅಚ್ಚು ಮಾಡುವವರ ಹತ್ತಿರ ಲ್ಯಾಟೆಕ್ಸ್ ತಂದೆ. ಅಗ್ಗ, ಕೆಲಸಕ್ಕೂ ಸುಲಭ. ಆದರೆ ಒಣಗುವಾಗ ಕುಗ್ಗುತ್ತದೆ, ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಕಿವಿರಿನ ತೂತು ಇರುವ ಜಾಗದಲ್ಲಿ ಒಳಗೆ ಸಿಕ್ಕಿಕೊಂಡು ಹರಿಯಿತು. ಆಮೇಲೆ ರವಿವಾರ ಪೇಠೆಯಿಂದ ಪ್ಲಾಟಿನಂ ಸಿಲಿಕೋನ್, ಕಿಲೋಗೆ ಎರಡು ಸಾವಿರ ಚಿಲ್ಲರೆ. ಅಚ್ಚಿನ ಸುತ್ತ ಗೋಡೆ ಕಟ್ಟಲು ತಂದ ಜೇಡಿಯಲ್ಲಿ ಗಂಧಕ ಇಲ್ಲ ಅಂತ ಒಬ್ಬ ಅಂಗಡಿಯವನು ಆಣೆ ಮಾಡಿದ್ದ. ಗಂಧಕ ಇತ್ತು. ಸಿಲಿಕೋನ್ ಗಟ್ಟಿಯಾಗದೆ ಅಂಟು ಅಂಟಾಗಿ ಅಚ್ಚಿನಲ್ಲೇ ಉಳಿಯಿತು. ಅದನ್ನು ಬಿಡಿಸಲು ಒಂದು ವಾರವೇ ಹೋಯಿತು. ಒಂದು ಒಳ್ಳೆ ತುಂಡು ಕೈಬಿಟ್ಟಿತು, ಆರು ಸಾವಿರದ ಮಾಲು ನೀರಿಗೆ ಹೋಯಿತು.

ಕೊನೆಗೆ ದಾರಿ ತೋರಿಸಿದ್ದು ಹಲ್ಲಿನ ಡಾಕ್ಟರು, ಧಾರವಾಡದವರು, ನಮ್ಮ ಸೊಸೈಟಿಯಲ್ಲೇ ಇರುವವರು. ಹಲ್ಲಿನ ಅಚ್ಚು ತೆಗೆಯುವ ತೆಳು ಸಿಲಿಕೋನ್ ಇದೆಯಲ್ಲ, ಅದನ್ನು ಮೊದಲ ಪದರವಾಗಿ ಸವರಿದೆ. ಮೇಲೆ ಮಾಮೂಲಿ ಸಿಲಿಕೋನ್, ಕಪ್ಪು ಬಣ್ಣ ಕಲಸಿದ್ದು. ಗುಳ್ಳೆ ತೆಗೆಯಲು ಲ್ಯಾಬಿನ ಪಂಪಿಗೆ ಅರ್ಜಿ ಹಾಕಿದ್ದೆ, ಬರಲೇ ಇಲ್ಲ. ಎಸಿ ರಿಪೇರಿಯವನ ಹತ್ತಿರ ಹಳೇ ವ್ಯಾಕ್ಯೂಮ್ ಪಂಪು ಕೊಂಡು, ಮನೆಯ ಹತ್ತು ಲೀಟರ್ ಕುಕ್ಕರಿಗೆ ದಪ್ಪ ಪಾಲಿಕಾರ್ಬೊನೇಟ್ ಮುಚ್ಚಳ ಕೂರಿಸಿದೆ. ಮನೆಯವಳು ಇವತ್ತಿಗೂ ಆ ಕುಕ್ಕರಿನ ಲೆಕ್ಕ ಕೇಳುತ್ತಾಳೆ.

ಎಳೆದು ತೆಗೆದ ಮೊದಲ ಒಳ್ಳೆ ಪ್ರತಿಗೆ ನವಸಾಗರದ ಹೊಗೆ ಹಿಡಿದೆ. ಕಲಾಯಿಯವರು ಬಳಸುವುದೇ ಇದು. ಗಾಜಿನ ನಳಿಗೆಯಲ್ಲಿ ಕಾಯಿಸಿ ಊದಿದರೆ ಕಪ್ಪು ರಬ್ಬರಿನ ಮೇಲೆ ಬಿಳಿ ಪುಡಿ ಕೂರುತ್ತದೆ. ಜುಲೈನಲ್ಲಿ ಮಾಡಲು ಹೋಗಬೇಡಿ, ತೇವಕ್ಕೆ ಗಂಟಾಗುತ್ತದೆ. ದೀಪ ಓರೆಯಾಗಿ ಇಟ್ಟಾಗ ಹೆಬ್ಬೆಟ್ಟಿನ ಗೆರೆಗಳ ಹಾಗೆ ಒಂದೊಂದು ಗೆರೆಯೂ ಎದ್ದು ಬಂತು. ಪ್ರತಿ ಫಲಕದ ನಡುವಿನಿಂದ ಸುತ್ತು ಸುತ್ತಾಗಿ ಬೆಳವಣಿಗೆಯ ಪಟ್ಟಿಗಳು. ನೆತ್ತಿಯ ನಡುವಿನ ಪೀನಿಯಲ್ ಫಲಕ ಎರಡೂ ಕಡೆಯ ಕಣ್ಣಿನ ಫಲಕಗಳಿಂದ ದೂರ ನಿಂತಿದೆ, ಮೂತಿ ಗಿಡ್ಡ, ಅಗಲ. ಈ ಜೋಡಣೆ ಆ ಬಂಡೆಗಳಿಂದ ಬಂದ, ಇದೇ ಬಳಗದ ಯಾವ ಟೆರಾಸ್ಪಿಡ್‌ನಲ್ಲೂ ಇಲ್ಲ.

ಸಭೆಯಲ್ಲಿ ನಡೆಯುವುದಿಲ್ಲ ಅಂದಿದ್ದ ಆ ಹಿರಿಯರು ಅಷ್ಟಾದರೂ ಒಪ್ಪಲಿಲ್ಲ. ಗೊತ್ತಿರುವ ಪ್ರಭೇದದ ಮರಿ ಇರಬೇಕು ಅಂದರು. ಆಗ ಈ ಪಟ್ಟಿಗಳೇ ಕೈ ಹಿಡಿದವು. ನನ್ನ ಹತ್ತಿರ ಮೂರು ಅಳತೆಯ ಕವಚಗಳಿದ್ದವು. ದೊಡ್ಡದರಲ್ಲಿ ಪಟ್ಟಿ ಎಷ್ಟೋ ಜಾಸ್ತಿ, ಆದರೂ ಪೀನಿಯಲ್ ಫಲಕ ಅಲ್ಲೇ ಇದೆ. ವಯಸ್ಸಾದ ಮೇಲೂ ಬದಲಾಗದ ಗುರುತನ್ನು ಮರಿಯ ಲಕ್ಷಣ ಅನ್ನುವುದು ಹೇಗೆ? ಅವರು ಫೋಟೋ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಇನ್ನೊಂದು ವಿಷಯ, ಕೆಲಸಕ್ಕೆ ಬಾರದ್ದಾದರೂ ಬರೆಯುತ್ತೇನೆ. ಈ ಮೀನುಗಳಿಗೆ ಜೋಡಿ ಈಜುರೆಕ್ಕೆ ಇಲ್ಲ ಅಲ್ವಾ, ಹಾಗಾದರೆ ಪಕ್ಕದ ಕೊಂಬಿನ ಫಲಕ ಏನು ಮಾಡುತ್ತಿತ್ತು ಅಂತ ಒಂದು ಪ್ರತಿಗೆ ದಾರ ಕಟ್ಟಿ ನೀರಿನ ಟಬ್ಬಿನಲ್ಲಿ ಎಳೆದೆ. ಕೊಂಬು ಕತ್ತರಿಸಿದ ಪ್ರತಿ ಹೊರಳುತ್ತಿತ್ತು, ಕೊಂಬಿದ್ದದ್ದು ಅಷ್ಟಾಗಿ ಹೊರಳಲಿಲ್ಲ. ಪ್ರಬಂಧಕ್ಕೆ ಹಾಕುವಂಥ ಪುರಾವೆ ಅಲ್ಲ, ಸುಮ್ನೆ ಒಂದು ಭಾನುವಾರದ ಆಟ. ಮುಂಬೈನ ಗೆಳೆಯನಿಗೆ ಫೋಟೋ ಕಳಿಸಿದರೆ ಕಪ್ಪೆ ಬೊಂಡಾಸಿನ (ಕಟಲ್‌ಫಿಶ್) ಒಳಗಿನ ಬಿಳಿ ಚಿಪ್ಪಿನ ಹಾಗಿದೆ ಅಂದ. 1847ರಲ್ಲಿ ವಿಜ್ಞಾನಿ ಕ್ನರ್ ಕೂಡ ನನ್ನ ಮೀನಿನ ಬಳಗದ ಟೆರಾಸ್ಪಿಸ್ ಅನ್ನು ಅದೇ ಅಂದುಕೊಂಡಿದ್ದರು ಅಂತ ಸಮಾಧಾನ ಹೇಳಿದೆ. ಅದೇ ವರ್ಷ ಮುಂಬೈನ ಪುಟ್ಟ ಕಪ್ಪೆ ಪಳೆಯುಳಿಕೆಗೆ ಇಂಗ್ಲಿಷ್ ವಿಜ್ಞಾನಿ ಓವೆನ್ ಹೆಸರಿಟ್ಟಿದ್ದು. ವರ್ಲಿ ಕಡೆಯ ಆ ಪದರದ ಕಲ್ಲಿಗೂ ಇದೇ ಉಪಾಯ ಮಾಡು ಅಂತ ಅವನ ಒತ್ತಾಯ. ಎಲುಬು ಗಟ್ಟಿಯಾಗಿರುವ ಕಡೆ ಆಸಿಡ್ ಹಾಕುವ ಹುಚ್ಚು ನನಗಿಲ್ಲ.

ಒಟ್ಟು ಕೈಯಿಂದ ಎಂಬತ್ತು ಸಾವಿರದ ಹತ್ತಿರ ಹೋಗಿರಬೇಕು, ಸ್ಕ್ಯಾನಿನದೇ ದೊಡ್ಡ ಪಾಲು. ಹೊಸ ಪ್ರಭೇದದ ಹೆಸರು ಕೇಳಬೇಡಿ. ಪ್ರಬಂಧ ಅಚ್ಚಾಗುವ ಮೊದಲು ಹೆಸರು ಹೊರಗೆ ಬಿಟ್ಟರೆ ನಾಮಕರಣದ ನಿಯಮದಲ್ಲಿ ಅದಕ್ಕೆ ಬೆಲೆ ಇಲ್ಲ. ಪರಿಶೀಲಕರೊಬ್ಬರು ರಬ್ಬರಿನ ಪ್ರತಿಯೇ ಹೆಸರಿಗೆ ಆಧಾರವಾಗುವ ಮೂಲ ಮಾದರಿಯಾ ಅಂತ ಕೇಳಿದ್ದಾರೆ. ಅಲ್ಲ, ಮೂಲ ಮಾದರಿ ಅಚ್ಚು ಇರುವ ಕಲ್ಲು, ರಬ್ಬರ್ ಬರೀ ನಕಲು ಅಂತ ಉತ್ತರ ಬರೆದಿದ್ದೇನೆ. ಕಲ್ಲು ಮ್ಯೂಸಿಯಂಗೆ ವಾಪಸ್ ಹೋಗಬೇಕು. ಅಚ್ಚಿನ ಅಂಚು ಈಗ ಬಹಳ ನಾಜೂಕು, ಅದಕ್ಕೇ ಅದರೊಳಗೆ ಒಂದು ಸಿಲಿಕೋನ್ ಪ್ರತಿಯನ್ನು ಹಾಗೇ ಕೂರಿಸಿ ಪ್ಯಾಕ್ ಮಾಡುತ್ತಿದ್ದೇನೆ. ಆಸಿಡ್ ಬೇಡವೇ ಬೇಡ ಅಂದಿದ್ದ ಇಬ್ಬರು ಪ್ಯಾರಲಾಯ್ಡ್ ಎಷ್ಟು ಅಂತ ಕೇಳಿ ಮೆಸೇಜ್ ಹಾಕಿದ್ದಾರೆ. ಪ್ರಬಂಧ ಬರಲಿ, ಆಮೇಲೆ ನೋಡೋಣ.