ಗೋಡೆಯಿಂದ ಇಳಿಸಿದ ಕವಂದಿ

ಅಂಕೋಲೆಯ ನಮ್ಮ ವಸ್ತುಸಂಗ್ರಹಾಲಯ ಅಂದರೆ ಎರಡೇ ಕೋಣೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಾಗ ಆಫ್ರಿಕಾ ಮೂಲದ ಸಿದ್ದಿಯರು ಹಳೆಬಟ್ಟೆಯಿಂದ ಹೊಲಿಯುವ ಕೌದಿ, ಅಂದರೆ ಕವಂದಿಯೊಂದು ಗಾಜಿನ ಚೌಕಟ್ಟಿನೊಳಗೆ ಗೋಡೆಯ ಮೇಲಿತ್ತು. ಕೆಳಗೆ ಚೀಟಿ: ‘ಬುಡಕಟ್ಟು ಜನರ ಕೌದಿ’. ಹೊಲಿದವರ ಹೆಸರಿಲ್ಲ, ಊರಿಲ್ಲ. ಪಕ್ಕದಲ್ಲಿದ್ದ, ಈ ಕರಾವಳಿಯ ಹಾಲಕ್ಕಿ ಸಮುದಾಯದ ಗುಮಟೆಗೂ ಅದೇ ಗತಿ, ‘ಬುಡಕಟ್ಟು ವಾದ್ಯ’.

ಎಲ್ಲರಿಗೂ ಬಾಗಿಲು ತೆರೆಯಬೇಕೆಂದು ಹೊರಟವನು ಮೊದಲು ಟಿಕೆಟ್ ತೆಗೆಸಿದೆ, ರ‍್ಯಾಂಪ್ ಕಟ್ಟಿಸಿದೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. ಜಾಗ ಸಾಲದೆಂದು ಆರಡಿಗೇ ಮುಗಿಸಿದ್ದರಿಂದ ಗಾಲಿಕುರ್ಚಿ ಹತ್ತಲಿಲ್ಲ. ಒಡೆದು, ಅಂಗಳದಲ್ಲಿ ತಿರುವು ಕೊಟ್ಟು ಮತ್ತೆ ಕಟ್ಟಿದೆವು. ಇಷ್ಟಾದರೂ ಯಲ್ಲಾಪುರ ಕಡೆಯ ಸಿದ್ದಿಯರಾಗಲಿ, ಇಲ್ಲೇ ಹತ್ತಿರದ ಕೊಪ್ಪದ (ಹಾಲಕ್ಕಿಗಳ ಕೇರಿಗೆ ಹೀಗನ್ನುತ್ತಾರೆ) ಹಾಲಕ್ಕಿಗಳಾಗಲಿ ಒಳಗೆ ಕಾಲಿಡಲಿಲ್ಲ.

ನಾವೇ ಘಟ್ಟ ಹತ್ತಿ ಹೋದೆವು. ನಿಮ್ಮ ಕವಂದಿ ನಮ್ಮಲ್ಲಿದೆ, ಬಂದು ನೋಡಿ ಹೇಳಿ ಎಂದಾಗ ಒಬ್ಬಾಕೆ ಕೇಳಿದ್ದು, ‘ಅವತ್ತಿನ ಕೂಲಿ?’ ನ್ಯಾಯವಾದ ಪ್ರಶ್ನೆ. ನೋಡಲು ಬರುವವರಿಗೆ ದುಡ್ಡು ಯಾಕೆ ಎಂದು ಸಮಿತಿಯಲ್ಲಿ ಆಕ್ಷೇಪ ಬಂತು. ಉಪನ್ಯಾಸಕರಿಗೆ ಗೌರವಧನ ಕೊಡುತ್ತೇವೆ, ಇವರೂ ಕಲಿಸಲು ಬರುವವರೇ ಎಂದು ಹಟ ಹಿಡಿದೆ. ಕೂಲಿ, ಬಸ್ಸಿನ ಖರ್ಚು, ಊಟ ಮೂರೂ ಮಂಜೂರಾಯಿತು.

ನಾಲ್ಕು ಜನ ಬಂದರು. ಬಂದವರು ಮೊದಲು ನೋಡಿದ್ದು ಕವಂದಿಯ ಮೂಲೆಗಳನ್ನು. ಚೌಕಟ್ಟಿಗೆ ಸರಿಹೊಂದಲೆಂದು ಯಾರೋ ನಾಲ್ಕೂ ಮೂಲೆ ಹಿಂದಕ್ಕೆ ಮಡಚಿದ್ದರು. ಹಳೆಯ ಸೀರೆ, ಹರಿದ ಲಂಗದ ತುಂಡುಗಳನ್ನು ಅಂಚಿನಿಂದ ಜೋಡಿಸುತ್ತ, ಸುತ್ತು ಸುತ್ತಾಗಿ ನಡುವಿಗೆ ಹೊಲಿದು ಬಂದು, ಕೊನೆಗೆ ಮೂಲೆಗಳಿಗೆ ಬಟ್ಟೆ ಮಡಿಸಿ ‘ಫುಲ’, ಅಂದರೆ ಹೂವು, ಇಡುತ್ತಾರೆ. ಅದಿಲ್ಲದ ಕವಂದಿ ಅವರ ಪಾಲಿಗೆ ಬತ್ತಲೆ. ಇಷ್ಟು ವರ್ಷ ನಾವು ಅದನ್ನು ಬತ್ತಲೆಯಾಗಿ ತೂಗುಹಾಕಿದ್ದೆವು. ಅಂದೇ ಗಾಜು ತೆಗೆದು ಮಂಚದ ಮೇಲೆ ಹಾಸಿದೆವು. ಮುಟ್ಟಿ ನೋಡಲೆಂದೇ ಇನ್ನೊಂದು ಸಣ್ಣದನ್ನು ಅವರಿಂದ ಹೊಲಿಸಿ, ಬೆಲೆ ಕೊಟ್ಟು ಕೊಂಡೆವು. ಚೀಟಿಯ ಮಾತುಗಳನ್ನು ಅವರು ತಮ್ಮ ಕೊಂಕಣಿಯಲ್ಲೇ ಹೇಳಿದರು. ಕನ್ನಡ ಅಕ್ಷರದಲ್ಲಿ ಹಾಗೇ ಬರೆದು, ಕೆಳಗೆ ಕನ್ನಡದಲ್ಲಿ ಅರ್ಥ ಕೊಟ್ಟಿದ್ದೇವೆ.

‘ಬುಡಕಟ್ಟು’ ಎಂಬ ಪದವೂ ಹೋಯಿತು. ನಮ್ಮ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಹಾಲಕ್ಕಿಗಳು ಅದಕ್ಕಾಗಿ ಎಷ್ಟೋ ಕಾಲದಿಂದ ಕೇಳುತ್ತಲೇ ಇದ್ದಾರೆ. ಇಬ್ಬರಿಗೂ ಒಂದೇ ಚೀಟಿ ಅಂಟಿಸಿದರೆ ಆ ಹೋರಾಟವೇ ಕಾಣದಂತಾಗುತ್ತದೆ. ‘ಹಾಲಕ್ಕಿ ಒಕ್ಕಲಿಗರು ಅಂತಲೇ ಬರೀರಿ’ ಎಂದರು ಕೊಪ್ಪದ ಹಿರಿಯರು.

ಗುಮಟೆಯ ಕತೆಯನ್ನೂ ಅವರೇ ಬಿಡಿಸಿದರು. ಮಣ್ಣಿನ ಮಡಕೆಯ ಒಂದು ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಉಡಕ್ಕೂ ರಕ್ಷಣೆ ಕೊಡುತ್ತದೆ, ಹಾಗಾಗಿ ಈಗ ಆಡಿನ ಚರ್ಮ. ಅಂಥದ್ದೊಂದನ್ನು ನುಡಿಸಲೆಂದೇ ಹೊರಗಿಟ್ಟಿದ್ದೇವೆ. ಕಣ್ಣು ಕಾಣದ ಹುಡುಗನೊಬ್ಬ ಒಂದು ಅಂಗೈಯಿಂದ ತೆರೆದ ಬಾಯಿ ಮುಚ್ಚಿ ಬಿಡುತ್ತ, ದನಿ ಬದಲಾಗುವುದನ್ನು ತಾನೇ ಕಂಡುಹಿಡಿದ. ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ.

ಒಂದು ಫೋಟೊ ಮಾತ್ರ ತೆಗೆಯಬೇಕಾಯಿತು. ಮಣಿಸರ ತೊಟ್ಟ ಹಾಲಕ್ಕಿ ಹೆಂಗಸಿನದು, ಹೆಸರಿಲ್ಲದ್ದು. ‘ಇದು ನನ್ನಜ್ಜಿ, ಯಾರನ್ನು ಕೇಳಿ ಹಾಕಿದಿರಿ?’ ಎಂದಳು ಕಾಲೇಜು ಹುಡುಗಿಯೊಬ್ಬಳು. ನಮ್ಮಲ್ಲಿ ಉತ್ತರವಿರಲಿಲ್ಲ. ಅವಳ ಮನೆಗೇ ಒಯ್ದು ಕೊಟ್ಟೆ.

ಸಮಿತಿಯಲ್ಲಿ ಇನ್ನೂ ಇವರಲ್ಲಿ ಒಬ್ಬರೂ ಇಲ್ಲ. ಎರಡು ಸ್ಥಾನ ಕೊಡಬೇಕೆಂದು ಬರೆದುಕೊಟ್ಟಿದ್ದೇನೆ. ಅದು ಚರ್ಚೆಗೆ ಬರುವ ಸಭೆ ಸುಗ್ಗಿಯ ದಿನಗಳಲ್ಲೇ ಬಿದ್ದಿದೆ, ಕೊಪ್ಪದಿಂದ ಯಾರೂ ಬರಲಾರರು. ದಿನ ಬದಲಿಸಿ ಎಂದು ಕೇಳಿದ್ದೇನೆ.